ಸೂಪರ್‌ಹೀರೋ ಪಾತ್ರಗಳ ಪ್ರಥಮ ಪ್ರವೇಶ

ಚಿತ್ರಕಥಾ ಪುಸ್ತಕಗಳಲ್ಲಿ ಅಸಾಮಾನ್ಯ ಸಾಹಸ ಮೆರೆಯುವ ನಾಯಕ ಪಾತ್ರಗಳಿಗೆ ಸೂಪರ್‌ಹೀರೋ ಎಂಬ ಹೆಸರು ರೂಢಿಯಲ್ಲಿದೆ. ಅಂಥ ಪಾತ್ರವು ಮೊತ್ತಮೊದಲು ಅಚ್ಚಾಗಿ ಓದುಗರಿಗೆ ದೊರೆತ ಸಂದರ್ಭವನ್ನು ಅದರ ಪ್ರಥಮ ಪ್ರವೇಶವೆನ್ನುತ್ತಾರೆ. ಕನ್ನಡಕ್ಕೆ ಬಂದ ಪಾತ್ರಗಳಿಗೆ ಇಂಥ ಪ್ರವೇಶಗಳು ಎರಡು: ಮೂಲ ಭಾಷೆಯಲ್ಲಿ ಒಂದು, ಕನ್ನಡದಲ್ಲಿ ಇನ್ನೊಂದು. ಇವನ್ನು ಬೆರೆಸಿದರೆ ಕಾಲಗಣನೆ ತಪ್ಪುತ್ತದೆ.

ಮೂಲ ಪ್ರಕಟಣೆ

ಸೂಪರ್‌ಮ್ಯಾನ್ ಪಾತ್ರವು ಅಮೆರಿಕದ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಅದರ ರಕ್ಷಾಪುಟದ ಮೇಲೆ 1938ರ ಜೂನ್ ಎಂದಿದ್ದರೂ ಸಂಚಿಕೆ ಮಾರಾಟಕ್ಕೆ ಬಂದದ್ದು ಏಪ್ರಿಲ್‌ನಲ್ಲಿ. ಅಂಗಡಿಯವರು ಸಂಚಿಕೆಯನ್ನು ಹಳೆಯದೆಂದು ಬೇಗ ತೆಗೆದುಹಾಕದಿರಲೆಂದು ಮುಂದಿನ ತಿಂಗಳನ್ನು ಅಚ್ಚುಮಾಡುವ ಪದ್ಧತಿ ಆಗಿನದು. ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ ಬಂದರು.

ಇವರೆಲ್ಲರಿಗಿಂತ ಹಿರಿಯನು ಫ್ಯಾಂಟಮ್. ಲೀ ಫಾಕ್ ಸೃಷ್ಟಿಸಿದ ಈ ಪಾತ್ರದ ಕಥೆಯು 1936ರ ಫೆಬ್ರವರಿ 17ರಂದು ದಿನಪತ್ರಿಕೆಯ ಚಿತ್ರಪಟ್ಟಿಯಾಗಿ ಆರಂಭವಾಯಿತು. ಜಿಮ್ಮಿ ವೆಲ್ಸ್ ಎಂಬ ಶ್ರೀಮಂತ ಯುವಕನೇ ಫ್ಯಾಂಟಮ್ ಎಂದು ತೋರಿಸುವುದು ಲೇಖಕನ ಮೊದಲ ಯೋಜನೆಯಾಗಿತ್ತು. ಕಥೆ ಸಾಗುತ್ತಿರುವಾಗಲೇ ಅದನ್ನು ಬದಲಿಸಿ, ತಂದೆಯಿಂದ ಮಗನಿಗೆ ಬರುವ ವಂಶಪಾರಂಪರ್ಯದ ವೇಷವನ್ನಾಗಿ ಮಾಡಲಾಯಿತು. ಅಲೌಕಿಕ ಶಕ್ತಿಯಿಲ್ಲದ ಇವನನ್ನು ಸೂಪರ್‌ಹೀರೋ ಎನ್ನಬಹುದೇ ಎಂಬ ಚರ್ಚೆಯಿದೆ. ಮುಖವಾಡ, ಮೈಗಂಟಿದ ಉಡುಪು, ಪಾಪೆ ಕಾಣದ ಬಿಳಿಗಣ್ಣು ಇವು ಮೊದಲು ಇವನಲ್ಲೇ ಒಟ್ಟುಗೂಡಿದ್ದರಿಂದ ಪೂರ್ವಜನೆನ್ನಲು ಅಡ್ಡಿಯಿಲ್ಲ.

ಕನ್ನಡದಲ್ಲಿ

ಟೈಮ್ಸ್ ಆಫ್ ಇಂಡಿಯಾ ಸಮೂಹವು 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಫ್ಯಾಂಟಮ್ ಕಥೆಯಿಂದಲೇ ಆರಂಭಿಸಿತು. ಮುಂದೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಾಲೆ ಹೊರಬಂದಿತು. ಸುಧಾ ವಾರಪತ್ರಿಕೆಯಲ್ಲಿಯೂ ಫ್ಯಾಂಟಮ್ ಬರುತ್ತಿತ್ತು. ಆದುದರಿಂದ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಮನೆಯ ಅಟ್ಟದ ಮೇಲೆ ದೊರೆತ ಕನ್ನಡ ಪ್ರತಿಯ ವರ್ಷವನ್ನು ಪಾತ್ರದ ಹುಟ್ಟಿದ ವರ್ಷವೆಂದು ವಿದ್ಯಾರ್ಥಿಗಳು ಬರೆದುಕೊಳ್ಳಬಾರದು; ನಡುವೆ ಕಾಲು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ.

ಭಾರತಕ್ಕೆ ಬಂದ ಪಾತ್ರ ಮೂಲದ ಪಾತ್ರವೇ ಆಗಿರಲಿಲ್ಲ ಎಂಬುದೂ ಗಮನಾರ್ಹ. ಬಂಗಾಳವನ್ನು ನೆನಪಿಸುವ ‘ಬೆಂಗಾಲಾ’ ಎಂಬ ದೇಶನಾಮ ಇಂದ್ರಜಾಲದಲ್ಲಿ ‘ಡೆಂಕಾಲಿ’ಯಾಯಿತು. ಫ್ಯಾಂಟಮ್‌ನ ತಂದೆಯನ್ನು ಕೊಂದ ಖಳನ ಹೆಸರು ಮೂಲದಲ್ಲಿ ರಾಮಾ. ಅದು ‘ರಾಮಲು’ ಎಂದು ಬದಲಾಯಿತು. ಇದೇ ಮಾಲೆಯಲ್ಲಿ 1976ರಲ್ಲಿ ಆಬಿದ್ ಸುರತಿಯವರ ಬಹಾದೂರ್ ಎಂಬ ಭಾರತೀಯ ನಾಯಕನು ಪ್ರವೇಶಿಸಿದನು. ಮಾಲೆ 1990ರಲ್ಲಿ ನಿಂತಿತು.

ಕನ್ನಡವೇ ಮೊದಲಾದ ಪ್ರಸಂಗ

ಇಂದ್ರಜಾಲದ ಆರಂಭದಲ್ಲಿ ದುಡಿದ ಅನಂತ ಪೈ (1929–2011) ಕಾರ್ಕಳದಲ್ಲಿ ಜನಿಸಿದವರು. ಅವರ ಸಂಪಾದಕತ್ವದ ಅಮರ ಚಿತ್ರಕಥೆ 1967ರಲ್ಲಿ ಆರಂಭವಾಯಿತೆಂಬುದು ಪ್ರಚಲಿತ ಹೇಳಿಕೆ. ಆದರೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರಿಂದಲೇ ಕನ್ನಡದಲ್ಲಿ ಬಂದಿದ್ದವು. ಅವು ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಅನುವಾದ. ಇಂಗ್ಲಿಷಿನ ‘ಕೃಷ್ಣ’ ಪುಸ್ತಕದ ಮೇಲೆ ಒಂದರ ಬದಲು 11 ಎಂಬ ಸಂಖ್ಯೆ ಇರುವುದು ಇದೇ ಕಾರಣಕ್ಕೆ. ಕೃಷ್ಣನನ್ನೇ ಮಾಲೆಯ ಮೊದಲ ಪುಸ್ತಕವೆನ್ನುವ ಬರಹಗಳು ಈ ಹತ್ತು ಕನ್ನಡ ಪುಸ್ತಕಗಳನ್ನು ಲೆಕ್ಕದಿಂದ ಬಿಟ್ಟಿರುತ್ತವೆ.