ಊರೂರಿನ ಜಾಣ್ಮೆ ಹುಡುಕುವ ಯಾತ್ರೆ

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ರೈತ ಬಾಂಧವರೇ, ವಾಚನಾಲಯದ ಬೆಂಚಿನ ಮೇಲೆ ಕುಳಿತು ಈ ಪುಟ ಓದುತ್ತಿರುವ ನೀವು ಕೋಶ ಓದುವ ಕೆಲಸವನ್ನು ಮಾಡುತ್ತಲೇ ಇದ್ದೀರಿ. ಈ ವಾರ ದೇಶ ಸುತ್ತಿದವರ ವಿಷಯವನ್ನು ತಿಳಿದುಕೊಳ್ಳೋಣ. ಇವರು ಹೊರಟದ್ದು ತೀರ್ಥಕ್ಷೇತ್ರಗಳಿಗಲ್ಲ, ವಿಹಾರಕ್ಕೂ ಅಲ್ಲ. ರೈತರು, ಕಮ್ಮಾರರು, ಬಡಗಿಗಳು, ನೇಕಾರರು ತಮ್ಮ ಕಷ್ಟಕ್ಕೆ ತಾವೇ ಕಂಡುಕೊಂಡ ಉಪಾಯಗಳನ್ನು ಹುಡುಕಿ ಊರಿಂದ ಊರಿಗೆ ನಡೆದವರು ಇವರು. ಇದನ್ನು ಓದಿದ ಮೇಲೆ ನಿಮ್ಮ ಊರಿನ ನಾಲ್ಕು ಮಂದಿ ಯುವಕರು ಸೈಕಲ್ ಏರಿ ಇಂಥದೇ ಒಂದು ಯಾತ್ರೆ ಹೊರಟರೆ ಈ ಲೇಖನ ಬರೆದದ್ದು ಸಾರ್ಥಕ.

ಶೋಧಯಾತ್ರೆ ಎಂದರೇನು?

ಅಹಮದಾಬಾದಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅನಿಲ್ ಗುಪ್ತಾ ಅವರು 1980ರ ದಶಕದ ಕೊನೆಯಲ್ಲಿ ‘ಹನಿಬೀ’, ಅಂದರೆ ಜೇನುನೊಣ ಎಂಬ ಹೆಸರಿನ ಒಂದು ಬಳಗವನ್ನು ಕಟ್ಟಿದರು. ಹೆಸರು ಹೀಗೇಕೆ? ಜೇನುನೊಣ ಹೂವಿನಿಂದ ಮಕರಂದ ಹೀರುತ್ತದೆ, ಆದರೆ ಹೂವು ಬಡವಾಗುವುದಿಲ್ಲ. ಬದಲಿಗೆ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಕಾಯಿ ಕಟ್ಟಲು ನೆರವಾಗುತ್ತದೆ. ರೈತರ ಜ್ಞಾನವನ್ನು ಸಂಗ್ರಹಿಸುವವರೂ ಹಾಗೆಯೇ ಇರಬೇಕೆಂಬುದು ಈ ಬಳಗದ ನಿಯಮ. ಜ್ಞಾನ ಕೊಟ್ಟವನ ಹೆಸರು, ಊರು ಮರೆಯಾಗಬಾರದು. ಸಂಗ್ರಹಿಸಿದ್ದು ಅವನದೇ ಭಾಷೆಯಲ್ಲಿ ಅವನಿಗೆ ಹಿಂತಿರುಗಬೇಕು. ಅದರಿಂದ ಲಾಭ ಬಂದರೆ ಅವನಿಗೂ ಪಾಲು ಸಿಗಬೇಕು.

ಈ ಕೆಲಸಕ್ಕಾಗಿ 1993ರಲ್ಲಿ ‘ಸೃಷ್ಟಿ’ ಎಂಬ ಸಂಸ್ಥೆ ಹುಟ್ಟಿತು. 1998ರಲ್ಲಿ ಗುಜರಾತಿನಲ್ಲಿ ಮೊದಲನೆಯ ಶೋಧಯಾತ್ರೆ ಹೊರಟಿತು. ಅಲ್ಲಿಂದ ಮುಂದೆ ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಈ ಯಾತ್ರೆಯನ್ನು ನಡೆಸುತ್ತ ಬಂದರು. ಬೇಸಿಗೆಯ ಯಾತ್ರೆಗೆ ಸೆಕೆ ಹೆಚ್ಚಿರುವ ಸೀಮೆ, ಚಳಿಗಾಲದ ಯಾತ್ರೆಗೆ ಚಳಿ ಹೆಚ್ಚಿರುವ ಸೀಮೆ! ಊರಿನವರ ಕಷ್ಟ ಏನೆಂಬುದು ತಿಳಿಯಬೇಕಾದರೆ ಆ ಕಷ್ಟದ ಕಾಲದಲ್ಲೇ ಹೋಗಬೇಕೆಂಬುದು ಇದರ ತರ್ಕ.

ಯಾತ್ರಿಕರಲ್ಲಿ ರೈತರು, ವಿದ್ಯಾರ್ಥಿಗಳು, ವಿಜ್ಞಾನಿಗಳು ಎಲ್ಲರೂ ಇರುತ್ತಾರೆ. ಊರು ಸೇರಿದೊಡನೆ ಶಾಲೆಯಲ್ಲೋ ಅರಳಿಕಟ್ಟೆಯಲ್ಲೋ ಸಭೆ. ಬೇರೆ ಊರುಗಳ ರೈತರು ಮಾಡಿದ ಸಾಧನಗಳ ಚಿತ್ರಗಳನ್ನು ತೋರಿಸಿ ‘ನಿಮ್ಮಲ್ಲಿ ಇಂಥವರು ಯಾರಿದ್ದಾರೆ?’ ಎಂದು ಕೇಳುತ್ತಾರೆ. ಯಾವ ಗಿಡ ಎಲ್ಲಿ ಬೆಳೆಯುತ್ತದೆ, ಏನಕ್ಕೆ ಬರುತ್ತದೆ ಎಂದು ಹೇಳಲು ಮಕ್ಕಳಿಗೆ ಸ್ಪರ್ಧೆ. ಬೇಲಿ ಸಾಲಿನ ಸೊಪ್ಪು, ಕಾಡುಗೆಡ್ಡೆಗಳಿಂದ ಅಡಿಗೆ ಮಾಡಿ ತರಲು ಹೆಂಗಸರಿಗೆ ಸ್ಪರ್ಧೆ. ನೂರು ವರ್ಷ ದಾಟಿದ ಅಜ್ಜ ಅಜ್ಜಿಯರಿದ್ದರೆ ಅವರಿಗೆ ಸನ್ಮಾನ. ಹೊಸ ಉಪಾಯ ಕಂಡುಹಿಡಿದವನಿಗೆ ಅವನ ಊರಿನಲ್ಲೇ, ಅವನ ನೆಂಟರಿಷ್ಟರ ಎದುರಿಗೇ ಗೌರವ. ‘ಇವನಿಗೆ ಬೇರೆ ಕೆಲಸವಿಲ್ಲ, ತಗಡು ಬಡಿಯುತ್ತ ಕೂರುತ್ತಾನೆ’ ಎಂದು ನಕ್ಕಿದ್ದ ಊರಿನವರ ಎದುರಿಗೆ ಸಿಗುವ ಈ ಮರ್ಯಾದೆಗೆ ಬೆಲೆ ಕಟ್ಟಲಾಗದು.

ಸೈಕಲ್ಲೇ ಕುಂಟೆಯಾಯಿತು

ಈ ಬಳಗದ ಕಣ್ಣಿಗೆ ಬಿದ್ದವರಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಗೋಪಾಲ ಭಿಸೆ ಒಬ್ಬರು. ಚಿಕ್ಕ ಹಿಡುವಳಿಯ ರೈತ. ಎತ್ತು ಸಾಕುವ ಶಕ್ತಿಯಿಲ್ಲ, ಬಾಡಿಗೆಗೆ ತಂದರೆ ಹದ ತಪ್ಪಿದ ಮೇಲೆ ಸಿಗುತ್ತದೆ. ಇವರು ಹಳೆಯ ಸೈಕಲ್ಲಿನ ಹ್ಯಾಂಡಲ್ ಮತ್ತು ಮುಂದಿನ ಚಕ್ರವನ್ನು ಉಳಿಸಿಕೊಂಡು, ಹಿಂದಿನ ಭಾಗಕ್ಕೆ ಕುಂಟೆಯ ಅಲಗನ್ನು ಜೋಡಿಸಿದರು. ‘ಕೃಷಿರಾಜ’ ಎಂದು ಹೆಸರಿಟ್ಟರು. ಹ್ಯಾಂಡಲ್ ಹಿಡಿದು ತಳ್ಳುತ್ತ ಹೋದರೆ ಸಾಲಿನ ನಡುವೆ ಒಬ್ಬನೇ ಆಳು ಎಡೆ ಹೊಡೆಯಬಹುದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸಾಧನ ಕೆಟ್ಟರೆ ಪೇಟೆಗೆ ಓಡಬೇಕಾಗಿಲ್ಲ, ಊರಿನ ಸೈಕಲ್ ರಿಪೇರಿಯವನೇ ಸರಿಮಾಡುತ್ತಾನೆ. ಆದರೆ ಇದು ಎತ್ತಿಗೆ ಸಾಟಿಯೆಂದು ತಿಳಿಯಬೇಡಿ. ಮಣ್ಣು ಹದವಾಗಿ, ಕಳೆ ಎಳೆಯದಾಗಿ ಇರುವಾಗಲೇ ಇದರ ಉಪಯೋಗ. ಗಟ್ಟಿಯಾದ ಎರೆಭೂಮಿಯಲ್ಲಿ ಮನುಷ್ಯನ ತೋಳು ಸೋಲುತ್ತದೆ.

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬರಗಾಲದಿಂದ ಎತ್ತುಗಳು ಇಲ್ಲವಾದ ಸೀಮೆ ಅದು. ಡೀಸೆಲ್ ಎಂಜಿನ್ನಿನ ಬುಲೆಟ್ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಆ ಜಾಗಕ್ಕೆ ಎರಡು ಚಕ್ರಗಳ ಚೌಕಟ್ಟನ್ನು ಜೋಡಿಸಿ ಅದಕ್ಕೆ ಕುಂಟೆ, ಕೂರಿಗೆ ಕಟ್ಟುವಂತೆ ಮಾಡಿದರು. ಅದೇ ‘ಬುಲೆಟ್ ಸಾಂತಿ’. ಜುನಾಗಢ ಜಿಲ್ಲೆಯ ಅಮೃತಭಾಯಿ ಅಗ್ರಾವತ್ ಮಾಡಿದ್ದು ಬಾವಿಯ ರಾಟೆಗೆ ಒಂದು ತಡೆ. ನೀರು ಸೇದುವ ಹೆಂಗಸು ದಣಿದು ಹಗ್ಗ ಬಿಟ್ಟರೂ ಕೊಡ ಬಾವಿಗೆ ಜಾರದೆ ಅಲ್ಲೇ ನಿಲ್ಲುತ್ತದೆ. ಅವಳು ಒಂದು ಗಳಿಗೆ ಸುಧಾರಿಸಿಕೊಂಡು ಮತ್ತೆ ಎಳೆಯಬಹುದು. ಎಷ್ಟು ಸಣ್ಣ ವಿಷಯ! ಆದರೆ ದಿನವೂ ನೀರು ಸೇದುವವರ ತೋಳನ್ನು ಕೇಳಿ ನೋಡಿ.

ತಾಯಿಯ ತೋಳುನೋವು

ತೆಲಂಗಾಣದ ಆಲೇರು ಕಡೆಯ ಚಿಂತಕಿಂದಿ ಮಲ್ಲೇಶಂ ನೇಕಾರರ ಮನೆಯ ಹುಡುಗ. ಆರನೆಯ ತರಗತಿಗೆ ಓದು ನಿಂತಿತ್ತು. ಪೋಚಂಪಲ್ಲಿ ಸೀರೆ ನೇಯುವ ಮೊದಲು ನೂಲನ್ನು ಸಾಲು ಮೊಳೆಗಳಿಗೆ ಸುತ್ತುವ ‘ಆಸು’ ಎಂಬ ಕೆಲಸವಿದೆ. ಒಂದು ಸೀರೆಗೆ ಸುಮಾರು 9,000 ಸಲ ಕೈ ಆಡಿಸಬೇಕು. ದಿನಕ್ಕೆ ಎರಡು ಸೀರೆಯೆಂದರೆ 18,000 ಸಲ. ತಾಯಿ ಲಕ್ಷ್ಮಿಗೆ ಭುಜವೆಲ್ಲ ನೋವು. ಅದನ್ನು ನೋಡಲಾರದೆ ಮಗ 1992ರಲ್ಲಿ ಯಂತ್ರ ಮಾಡಲು ಕೈಹಾಕಿದರು. ಹಣ ಮುಗಿಯಿತು, ಹೈದರಾಬಾದಿಗೆ ಹೋಗಿ ವಿದ್ಯುತ್ ಕೆಲಸ ಮಾಡುತ್ತ ಸಂಪಾದಿಸಿದ್ದನ್ನು ಯಂತ್ರಕ್ಕೇ ಸುರಿದರು. ಯಂತ್ರ ಸಿದ್ಧವಾದದ್ದು 1999ರಲ್ಲಿ. ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು. ನಾಲ್ಕೈದು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. ನೂರಾರು ನೇಕಾರ ಮನೆಗಳಿಗೆ ಆ ಯಂತ್ರ ಹೋಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಯಾರೋ ಒಬ್ಬರು ಊರಿಗೆ ಬಂದು ಕೇಳದಿದ್ದರೆ, ಬರೆದುಕೊಳ್ಳದಿದ್ದರೆ ಇಂಥ ಎಷ್ಟು ಯಂತ್ರಗಳು ಹಟ್ಟಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವೋ!

ಭತ್ತ ಊರೆಲ್ಲ ಹಬ್ಬಿತು, ಹೆಸರು ಹಬ್ಬಲಿಲ್ಲ

ಕೇಳಿ ಬರೆದುಕೊಳ್ಳುವುದು ಏಕೆ ಅಗತ್ಯವೆಂಬುದಕ್ಕೆ ದಾದಾಜಿ ಖೋಬ್ರಾಗಡೆ ಅವರ ಬದುಕೇ ಸಾಕ್ಷಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ ಒಂದೂವರೆ ಎಕರೆಯ ಒಡೆಯ. 1983ರಲ್ಲಿ ‘ಪಟೇಲ್-3’ ತಳಿಯ ಗದ್ದೆಯಲ್ಲಿ ಬೇರೆ ಬಣ್ಣದ ಕೆಲವು ತೆನೆಗಳು ಇವರ ಕಣ್ಣಿಗೆ ಬಿದ್ದವು. ಬೇರೆಯವರಾಗಿದ್ದರೆ ಬೆರಕೆಯೆಂದು ಕಿತ್ತೆಸೆಯುತ್ತಿದ್ದರು. ಇವರು ಅವನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಬಿತ್ತಿ, ವರ್ಷವರ್ಷವೂ ಆರಿಸುತ್ತ ಬಂದರು. ಕಾಳು ಸಣ್ಣ, ಇಳುವರಿ ಹೆಚ್ಚು, ಅನ್ನ ರುಚಿ. ಬೀಜ ಕೈಯಿಂದ ಕೈಗೆ ಹರಡಿತು. ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದದ್ದು ಎಚ್‌ಎಂಟಿ ಕೈಗಡಿಯಾರ. ನಮ್ಮ ಬೆಂಗಳೂರಿನ ಕಾರ್ಖಾನೆಯ ಆ ಗಡಿಯಾರದ ಹೆಸರೇ ಭತ್ತಕ್ಕೂ ಅಂಟಿತು. ‘ಎಚ್‌ಎಂಟಿ ಭತ್ತ’ ಹಲವು ರಾಜ್ಯಗಳಿಗೆ ಹಬ್ಬಿತು.

ಹಬ್ಬದೆ ಉಳಿದದ್ದು ದಾದಾಜಿಯವರ ಹೆಸರು. ಇದೇ ಭತ್ತವನ್ನು ಶುದ್ಧೀಕರಿಸಿ ಕೃಷಿ ವಿಶ್ವವಿದ್ಯಾನಿಲಯವೊಂದು 1998ರಲ್ಲಿ ಬಿಡುಗಡೆ ಮಾಡಿತು. ತಮಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬುದು ದಾದಾಜಿಯವರ ಅಳಲಾಗಿತ್ತು. 2005ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅವರನ್ನು ಗೌರವಿಸಿತು. 2010ರಲ್ಲಿ ‘ಫೋರ್ಬ್ಸ್’ ಪತ್ರಿಕೆ ದೇಶದ ಪ್ರಮುಖ ಗ್ರಾಮೀಣ ಉದ್ಯಮಿಗಳ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು. ಪ್ರಶಸ್ತಿಗಳು ಬಂದವು, ಆದರೆ ಬಡತನ ಬಿಡಲಿಲ್ಲ. 2018ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅವರ ಅಕ್ಕಿ ಉಂಡವರಲ್ಲಿ ಅವರನ್ನು ಬಲ್ಲವರು ಎಷ್ಟು ಜನ?

ನಮ್ಮ ಹಿತ್ತಲ ಗಿಡ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನೇ ತಿರುಗಿಸಿ, ಹನಿಬೀ ಪತ್ರಿಕೆಯ ಕನ್ನಡ ರೂಪಕ್ಕೆ ‘ಹಿತ್ತಲಗಿಡ’ ಎಂದು ಹೆಸರಿಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಡಾ. ಟಿ.ಎನ್. ಪ್ರಕಾಶ್ ಅದನ್ನು ನಡೆಸಿದರು. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಹಲವರು ಬಲ್ಲಿರಿ. ಬೆಳಿಗ್ಗೆ ಎಚ್ಚರವಾಗುವುದಿಲ್ಲವೆಂದು, ಹೊತ್ತಿಗೆ ಸರಿಯಾಗಿ ಮುಖದ ಮೇಲೆ ನೀರು ಸುರಿಯುವ ಅಲಾರಂ ಮಾಡಿಕೊಂಡವರು ಅವರು! ಮುಂದೆ ಹುಣಿಸೆಹಣ್ಣಿನ ಬೀಜ ತೆಗೆಯುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ ಮುಂತಾದವನ್ನು ಮಾಡಿದರು. 2022ರಲ್ಲಿ ಪದ್ಮಶ್ರೀ ಪಡೆದರು. ಬೆಳಗಾವಿ ಜಿಲ್ಲೆಯ ಸದಲಗಾದ ಅಣ್ಣಾಸಾಹೇಬ ಉದ್ಗಾವಿ ತಾವೇ ರೂಪಿಸಿದ ನೀರು ಚಿಮುಕಿಸುವ ಸಾಧನಕ್ಕೆ ‘ಚಂದ್ರಪ್ರಭು ರೇನ್‌ಗನ್’ ಎಂದು ಹೆಸರಿಟ್ಟರು. ಇವರು ಹೆಸರಾದವರು. ಹೆಸರಾಗದವರು ನಿಮ್ಮ ಹೋಬಳಿಯಲ್ಲೇ ಇದ್ದಾರೆ.

ನೀವೂ ಹೊರಡಿ

ರಾಜಸ್ಥಾನದ ಉದಯಪುರದಲ್ಲಿ ‘ಶಿಕ್ಷಾಂತರ’ ಎಂಬ ಬಳಗದವರು ಕೈಯಲ್ಲಿ ಹಣವಿಲ್ಲದೆ, ಮೊಬೈಲ್ ಇಲ್ಲದೆ ಸೈಕಲ್ ಯಾತ್ರೆ ನಡೆಸಿದ್ದಾರೆ. ಹಳ್ಳಿಯವರ ಹೊಲ ಮನೆಗಳಲ್ಲಿ ದುಡಿದು ಅಲ್ಲೇ ಉಣ್ಣುವುದು ಅವರ ಕ್ರಮ. ನೀವು ಅಷ್ಟು ಕಠಿಣ ವ್ರತ ಹಿಡಿಯಬೇಕಾಗಿಲ್ಲ. ಸುಗ್ಗಿ ಮುಗಿದು ಮುಂಗಾರು ಹತ್ತುವ ಮೊದಲಿನ ಬಿಡುವಿನಲ್ಲಿ ಐದು ದಿನ ಸಾಕು. ಜೀಪಿನಲ್ಲಿ ಬಂದವರನ್ನು ಕಂಡರೆ ರೈತ ಎದ್ದು ನಿಲ್ಲುತ್ತಾನೆ. ಸೈಕಲ್ಲಿನಲ್ಲಿ ಬಂದವರನ್ನು ಕಂಡರೆ ಬದುವಿನ ಮೇಲೆ ಕೂರಿಸಿ ಮಾತನಾಡುತ್ತಾನೆ. ಕೆಳಗಿನ ಕ್ರಮವನ್ನು ಅನುಸರಿಸಿ:

1. ಐದಾರು ಮಂದಿಯ ತಂಡವಿರಲಿ. ಅದರಲ್ಲಿ ಹೊಲದ ಕೆಲಸ ಬಲ್ಲ ಒಬ್ಬ ಹಿರಿಯರು, ಚೆನ್ನಾಗಿ ಬರೆಯಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಇರಲಿ. ಹೆಂಗಸರ ಕೆಲಸದ ಜಾಣ್ಮೆ ತಿಳಿಯಲು ತಂಡದಲ್ಲಿ ಹೆಂಗಸರೂ ಇರಬೇಕು.

2. ದಿನಕ್ಕೆ 15ರಿಂದ 20 ಕಿಲೋಮೀಟರ್, ಎರಡು ಮೂರು ಊರು ಸಾಕು. ದೂರ ಹೋಗುವುದು ಗುರಿಯಲ್ಲ. ಪಂಪು, ಪಂಕ್ಚರ್ ಸಾಮಾನು, ಕುಡಿಯುವ ನೀರು, ದಪ್ಪ ರಟ್ಟಿನ ನೋಟ್‌ಬುಕ್ ಜೊತೆಗಿರಲಿ.

3. ‘ಹೊಸದೇನು ಕಂಡುಹಿಡಿದಿದ್ದೀರಿ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ಎತ್ತು ಇಲ್ಲದಾಗ ಎಡೆ ಹೇಗೆ ಹೊಡೆದಿರಿ? ಜೋಳದ ಬೀಜವನ್ನು ಹುಳದಿಂದ ಹೇಗೆ ಕಾಪಾಡುತ್ತೀರಿ?’ ಎಂದು ಕೇಳಿ. ಕಮ್ಮಾರರನ್ನು, ಕುರಿಗಾಹಿಗಳನ್ನು, ಸೂಲಗಿತ್ತಿಯರನ್ನು ಮರೆಯಬೇಡಿ.

4. ಹೇಳಿದವರ ಹೆಸರು, ಊರು, ದಿನಾಂಕ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ಬೇರೆಯವರಿಗೆ ತಿಳಿಸಬಹುದೇ ಎಂದು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ.

5. ಹಿಂದಿನ ಊರಿನಲ್ಲಿ ಕಂಡದ್ದನ್ನು ಮುಂದಿನ ಊರಿನಲ್ಲಿ ಹೇಳಿ. ಜೇನುನೊಣದ ಕೆಲಸ ಅದೇ. ಊರಿಗೆ ಮರಳಿದ ಮೇಲೆ ನೋಟ್‌ಬುಕ್ಕನ್ನು ವಾಚನಾಲಯದಲ್ಲಿಡಿ.

ಎಚ್ಚರಿಕೆಯ ಮಾತು

ರೈತ ಹೇಳಿದ್ದೆಲ್ಲ ಸರಿ, ಅಧಿಕಾರಿ ಹೇಳಿದ್ದೆಲ್ಲ ತಪ್ಪು ಎಂದು ಇದರ ಅರ್ಥವಲ್ಲ. ಯಾವ ಉಪಾಯವನ್ನಾದರೂ ಮೊದಲು ಒಂದೆರಡು ಗುಂಟೆಯಲ್ಲಿ ಮಾಡಿ. ಪಕ್ಕದಲ್ಲೇ ಅಷ್ಟೇ ಜಾಗದಲ್ಲಿ ರೂಢಿಯ ಕ್ರಮವಿರಲಿ. ಎರಡನ್ನೂ ಬೇರೆ ಬೇರೆಯಾಗಿ ಕೊಯ್ದು ತೂಗಿ ನೋಡಿ. ಒಂದು ವರ್ಷದ ಮಳೆ ಇನ್ನೊಂದು ವರ್ಷ ಇರುವುದಿಲ್ಲವಾದ್ದರಿಂದ ಎರಡು ಹಂಗಾಮು ಪರೀಕ್ಷಿಸುವುದು ಒಳ್ಳೆಯದು. ಜನರಿಗೆ, ದನಗಳಿಗೆ ಕೊಡುವ ಔಷಧಿಯ ವಿಷಯದಲ್ಲಂತೂ ವೈದ್ಯರನ್ನು ಕೇಳದೆ ಪ್ರಯೋಗ ಬೇಡ.

ಯಂತ್ರ ಕಂಡುಹಿಡಿದವರು ಇನ್ನೊಂದು ವಿಷಯ ತಿಳಿದಿರಬೇಕು. ಪೇಟೆಂಟ್ ಪಡೆಯುವ ಯೋಚನೆಯಿದ್ದರೆ ಅರ್ಜಿ ಹಾಕುವ ಮೊದಲೇ ಯಂತ್ರದ ಒಳಗುಟ್ಟನ್ನು ಜಾತ್ರೆಯಲ್ಲಿ, ಪತ್ರಿಕೆಯಲ್ಲಿ ಬಹಿರಂಗಪಡಿಸಬಾರದು. ಒಮ್ಮೆ ಬಹಿರಂಗವಾದದ್ದನ್ನು ಕಾನೂನು ಹೊಸದೆಂದು ಒಪ್ಪುವುದು ಕಷ್ಟ. ಬೇಸಾಯದ ಕ್ರಮಗಳಿಗೂ ಪರಂಪರೆಯ ಜ್ಞಾನಕ್ಕೂ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ. ಬೆಳೆಯ ತಳಿಗಳಿಗೆ ಬೇರೆಯೇ ಕಾನೂನಿದೆ. ಅದು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001. ರೈತರು ಅಭಿವೃದ್ಧಿಪಡಿಸಿದ ಅಥವಾ ಕಾಪಾಡಿಕೊಂಡು ಬಂದ ತಳಿಯನ್ನು ಇದರಡಿ ನೋಂದಾಯಿಸಲು ಶುಲ್ಕವಿಲ್ಲ. ಗಾಂಧಿನಗರದ ಸಮೀಪವಿರುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು 2000ದಲ್ಲಿ ಹುಟ್ಟಿದ್ದೇ ಇಂಥ ಜಾಣ್ಮೆಗಳನ್ನು ದಾಖಲಿಸಿ ನೆರವಾಗಲೆಂದು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಿರಿ.

ಬಾಂಧವರೇ, ಎಂಬತ್ತು ದಾಟಿದ ಹಿರಿಯರು ಪ್ರತಿ ಊರಿನಲ್ಲೂ ಕೆಲವರಿದ್ದಾರೆ. ಯಾವ ಮಳೆಗೆ ಯಾವ ಬೀಜ, ಯಾವ ಹುಳಕ್ಕೆ ಯಾವ ಸೊಪ್ಪು ಎಂಬುದು ಅವರ ತಲೆಯಲ್ಲಿದೆ, ಕಾಗದದ ಮೇಲೆ ಇಲ್ಲ. ಅವರು ಹೋದರೆ ಅದೂ ಹೋಗುತ್ತದೆ. ಈ ಬೇಸಿಗೆಯ ಯಾತ್ರೆಯ ಮೊದಲ ನಿಲ್ದಾಣ ಅವರ ಮನೆಯ ಜಗಲಿಯೇ ಆಗಲಿ. ಅಲ್ಲಿಗೆ ಹೋಗಲು ಸೈಕಲ್ ಕೂಡ ಬೇಕಾಗಿಲ್ಲ.