ಅಂಕಪಟ್ಟಿ ಬರುವ ಮುನ್ನ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆಯನ್ನು ಅರಿಯದವರಾರು? ಅಂಕಗಳು ಹೆಚ್ಚಾಗಿ ಬಂದರೆ ಮಾಣಿ ವೈದ್ಯನಾಗಬೇಕು, ಇಲ್ಲವೆ ಇಂಜಿನಿಯರಾಗಬೇಕು. ಕಡಿಮೆಯಾದರೆ ವಿಜ್ಞಾನದ ಹೆಸರನ್ನೇ ಎತ್ತಬಾರದು! ಹೀಗೆ ಒಂದು ಜೀವನದ ದಾರಿ ಎರಡು ದಿನಗಳಲ್ಲಿ ನಿಶ್ಚಿತವಾಗಿಬಿಡುತ್ತದೆ. ತಾನು ಕೈಕೊಳ್ಳಲಿರುವ ಉದ್ಯೋಗವನ್ನು ಆ ಮಗು ಒಮ್ಮೆಯಾದರೂ ಕಣ್ಣಾರೆ ಕಂಡಿರುವುದುಂಟೆ?

ಕಾಣಲು ಹಳ್ಳಿಗಾಡಿನಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯ ಮೇಲಿರುವ ತಲ್ಲೂರನ್ನೇ ನೋಡೋಣ. ಅದೇ ಹೆದ್ದಾರಿಯಲ್ಲಿ ಮುಂದುವರಿದರೆ ಮರವಂತೆ. ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಅಲೆಗಳ ಹೊಡೆತದಿಂದ ಆ ದಂಡೆಯನ್ನು ಕಾಯುವುದು ಒಂದು ಶಾಸ್ತ್ರ. ಗಂಗೊಳ್ಳಿಯ ಬಂದರಿನಲ್ಲಿ ದೋಣಿಯ ಯಂತ್ರದ ದುರಸ್ತಿ, ಮೀನು ಕೆಡದಂತೆ ಕಾಪಾಡುವ ವಿಧಾನ, ಇವೂ ಶಾಸ್ತ್ರಗಳೇ. ಘಟ್ಟದ ಬುಡದ ಹೊಸಂಗಡಿಯ ಬಳಿ ವಾರಾಹಿಯ ನೀರಿನಿಂದ ನಡೆಯುವ ಭೂಗತ ವಿದ್ಯುದಾಗಾರವಿದೆ. 1989ರಲ್ಲಿ ಕೆಲಸಕ್ಕೆ ತೊಡಗಿದ ಅದರಲ್ಲಿ ಇಂದು ತಲಾ 115 ಮೆಗಾವಾಟಿನ 4 ಯಂತ್ರಗಳಿವೆ. ಬಂಡೆಯನ್ನು ಪರೀಕ್ಷಿಸಿದವರು, ಸುರಂಗ ಕೊರೆದವರು, ಯಂತ್ರ ನಡೆಸುವವರು, ಹೀಗೆ ಎಷ್ಟು ಬಗೆಯ ಪರಿಣತರು ಅಲ್ಲಿ ಬೇಕಾದರೆಂಬುದನ್ನು ಎಣಿಸಿದರೆ ಸಾಕು, ವಿಜ್ಞಾನವೆಂದರೆ ಎರಡೇ ಉದ್ಯೋಗಗಳೆಂಬ ಭ್ರಮೆ ಹರಿಯುತ್ತದೆ.

ಇದೇ ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಬಾಲಕನೊಬ್ಬನು ಉಡುಪಿಯಲ್ಲಿ ಶಾಲೆ ಕಲಿತು, ಬಳ್ಳಾರಿ, ಅನಂತಪುರ, ಕಾಶಿಗಳಲ್ಲಿ ಓದನ್ನು ಮುಂದುವರಿಸಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯನಾದನು. ಅವರೇ ಯು. ಆರ್. ರಾವ್. ಅವರು ಅಭ್ಯಾಸ ಮಾಡಿದ್ದು ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು. ಆದರೂ 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಭಾರತದ ಪ್ರಥಮ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಅವರ ನೇತೃತ್ವದಲ್ಲಿ. ಅವರು ಶಾಲೆಯಲ್ಲಿದ್ದಾಗ ಉಪಗ್ರಹವೆಂಬ ಉದ್ಯೋಗವೇ ಜಗತ್ತಿನಲ್ಲಿರಲಿಲ್ಲ! ಇಂದಿನ ಮಕ್ಕಳು ನಾಳೆ ಮಾಡಲಿರುವ ಕೆಲಸಗಳಲ್ಲಿಯೂ ಎಷ್ಟೋ ಇನ್ನೂ ಹುಟ್ಟಿಲ್ಲ. ಆದುದರಿಂದ ಉದ್ಯೋಗದ ಹೆಸರಿಗಿಂತ ಮಗುವಿನ ಕುತೂಹಲದ ದಿಕ್ಕನ್ನು ಅರಿಯುವುದೇ ಮುಖ್ಯ.

ಹಣದ ಅಡಚಣೆಯೂ ಸಣ್ಣದಲ್ಲ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್ಕಿನಲ್ಲಿ 3 ವರ್ಷ ಓದಿ ಡಿಪ್ಲೊಮಾ ಪಡೆದವನು ಸಂಪಾದನೆಗೆ ತೊಡಗಬಹುದು. ಮುಂದೆ ಅರ್ಹತೆ ಪಡೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಲೂಬಹುದು. ಕಡಲಿನ ಮಕ್ಕಳಿಗೆ ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜಿದೆ. ಸುರತ್ಕಲ್ಲಿನಲ್ಲಿ 1960ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜು ಈಗ ರಾಷ್ಟ್ರೀಯ ಸಂಸ್ಥೆಯಾಗಿದೆ. ಈ ಸಂಗತಿಗಳನ್ನು ಫಲಿತಾಂಶದ ಮರುದಿನವಲ್ಲ, ಎಂಟನೆಯ ತರಗತಿಯಲ್ಲಿಯೇ ತಿಳಿಸಬೇಕು.

ಅಧ್ಯಾಪಕರೂ ತಂದೆತಾಯಂದಿರೂ ಕೂಡಿ, ಮುಂಚಿತವಾಗಿ ಅನುಮತಿ ಪಡೆದು, ವರ್ಷಕ್ಕೆ ಎರಡು ಸಲ ಮಕ್ಕಳನ್ನು ಇಂಥ ಸ್ಥಳಗಳಿಗೆ ಕರೆದೊಯ್ಯಲಿ. ಅಲ್ಲಿ ದುಡಿಯುವವರನ್ನು ಮಕ್ಕಳೇ ಕೇಳಲಿ: ಬೆಳಗಿನಿಂದ ಸಂಜೆಯವರೆಗೆ ತಾವು ಮಾಡುವುದೇನು? ಇದಕ್ಕಾಗಿ ಏನು ಓದಿದಿರಿ? ಈ ಕೆಲಸದಲ್ಲಿ ಕಷ್ಟವಾದುದು ಯಾವುದು? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗದಿರಲಿ. ಮೂರು ವರ್ಷಗಳಲ್ಲಿ ಆರು ಭೇಟಿಗಳಾದರೆ, ಅಂಕಪಟ್ಟಿ ಕೈಗೆ ಬಂದ ದಿನ ಮನೆಯ ಹಿರಿಯರ ನಡುವೆ ಕುಳಿತು ಮಗುವೂ ತಿಳಿದು ಮಾತನಾಡಬಲ್ಲದು.