ಎರಡು ಮಾತ್ರೆ, ಒಂದೇ ಹೆದರಿಕೆ

ಚಿಕ್ಕಮ್ಮನ ಪರ್ಸಿನಲ್ಲಿ ಚಿಲ್ಲರೆ, ಬಸ್ ಟಿಕೆಟ್, ಕುಂಕುಮದ ಪೊಟ್ಟಣದ ಜೊತೆಗೆ ಒಂದು ಮಾತ್ರೆ ಸ್ಟ್ರಿಪ್ ಯಾವಾಗಲೂ ಇರುತ್ತಿತ್ತು. ಆಲ್‌ಪ್ರಜೋಲಾಂ, 0.25 ಮಿಲಿಗ್ರಾಂ. ಚಿಕ್ಕಪ್ಪ ಫೋನ್ ಎತ್ತುವುದು ಹತ್ತು ನಿಮಿಷ ತಡವಾದರೆ ಸಾಕು, ಕೈ ಪರ್ಸಿಗೆ ಹೋಗುತ್ತಿತ್ತು. "ಎದೆ ಡವಡವ ಅಂದಾಗ ಒಂದರ್ಧ ತಗೋತೀನಿ, ಅಷ್ಟೆ" ಎನ್ನುವರು. ಅದೇ ಚಿಕ್ಕಮ್ಮ, ಮನೋವೈದ್ಯರು ಬರೆದುಕೊಟ್ಟ ಎಸ್ಸಿಟಲೋಪ್ರಾಂ ಅನ್ನು ಐದನೇ ದಿನಕ್ಕೆ ನಿಲ್ಲಿಸಿಬಿಟ್ಟರು. "ಅದು ತಲೆ ಮಾತ್ರೆ ಕಣೋ, ಅಭ್ಯಾಸ ಆಗಿಬಿಡತ್ತೆ."

ಎಚ್ಚರ ಬೇಕಿದ್ದ ಮಾತ್ರೆಯನ್ನು ಸಲೀಸಾಗಿ ನುಂಗಿದರು, ತಾಳ್ಮೆ ಬೇಕಿದ್ದ ಮಾತ್ರೆಗೆ ಹೆದರಿದರು. ಆತಂಕಕ್ಕೆ ಮಾತ್ರೆ ಬೇಕೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ವಾದಕ್ಕೆ ಬಹುಪಾಲು ಈ ಗೊಂದಲವೇ ಮೂಲ ಎಂದು ನನಗನ್ನಿಸುತ್ತದೆ.

ನಂಬಿಕೆ: ಆತಂಕದ ಮಾತ್ರೆಗಳೆಲ್ಲ ಒಂದೇ, ಎಲ್ಲವೂ ಚಟ ಹಿಡಿಸುತ್ತವೆ.

ಇವು ಎರಡು ಬೇರೆ ಬೇರೆ ಕುಲದವು. ಆಲ್‌ಪ್ರಜೋಲಾಂ, ಕ್ಲೋನಾಜೆಪಾಂ, ಲೋರಾಜೆಪಾಂ ಇವೆಲ್ಲ ಬೆಂಜೋಡಯಾಜೆಪೀನ್‌ಗಳು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಪೇಟೆಗೆ ಬಂದಾಗ ಶುರುವಾದ ವಂಶ. ಮೆದುಳಿನ ಬ್ರೇಕಿನಂತೆ ಕೆಲಸ ಮಾಡುವ ಗಾಬಾ ಎಂಬ ರಾಸಾಯನಿಕಕ್ಕೆ ಬಲ ಕೊಡುತ್ತವೆ. ಒಂದು ಗಂಟೆಯೊಳಗೆ ಎದೆ ಹಗುರಾಗುತ್ತದೆ. ತೊಂದರೆ ಇರುವುದೂ ಅಲ್ಲೇ. ಕೆಲವು ವಾರ ದಿನವೂ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಥಟ್ಟನೆ ಬಿಟ್ಟರೆ ನಿದ್ದೆ ಹಾರುತ್ತದೆ, ಆತಂಕ ಮೊದಲಿಗಿಂತ ಜೋರಾಗುತ್ತದೆ, ಫಿಟ್ಸ್ ಕೂಡ ಬರಬಹುದು. ವಯಸ್ಸಾದವರು ಜೋಲಿ ತಪ್ಪಿ ಬೀಳುತ್ತಾರೆ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ನಮ್ಮ ಕಾನೂನು ಆಲ್‌ಪ್ರಜೋಲಾಂ ಅನ್ನು ಎಚ್1 ಪಟ್ಟಿಯಲ್ಲಿಟ್ಟಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಚಿಕ್ಕಮ್ಮನಿಗೆ ಇದು ವರ್ಷಗಟ್ಟಲೆ ಚೀಟಿಯಿಲ್ಲದೆ ಸಿಕ್ಕಿತು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಎಸ್ಸಿಟಲೋಪ್ರಾಂ, ಸರ್ಟ್ರಲೀನ್ ಎಸ್‌ಎಸ್‌ಆರ್‌ಐ ಕುಲದವು. ಇವು ನುಂಗಿದ ದಿನ ಏನೂ ಆಗುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ವಾಕರಿಕೆ ಬರಬಹುದು, ಚಡಪಡಿಕೆ ಹೆಚ್ಚಲೂಬಹುದು. ಚಿಕ್ಕಮ್ಮ ನಿಲ್ಲಿಸಿದ ಐದನೇ ದಿನ ಬಿದ್ದದ್ದು ಸರಿಯಾಗಿ ಈ ಗುಂಡಿಯಲ್ಲೇ. "ಮೊದಲು ಸ್ವಲ್ಪ ಕಷ್ಟವಾಗುತ್ತೆ, ತಡ್ಕೊಳ್ಳಿ, ಹೆಚ್ಚಾದರೆ ಫೋನ್ ಮಾಡಿ" ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಅವರು ನಿಲ್ಲಿಸುತ್ತಿರಲಿಲ್ಲ.

ಈ ಮಾತ್ರೆಗೆ ನಶೆ ಇಲ್ಲ, ಇನ್ನಷ್ಟು ಬೇಕೆಂಬ ಹಪಾಹಪಿ ಇಲ್ಲ. ಹಾಗೆಂದು ಇದು ಪಂಚಾಮೃತವೂ ಅಲ್ಲ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗುವುದುಂಟು. ವೈದ್ಯರು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ಲೈಂಗಿಕ ಆಸಕ್ತಿ ಕುಗ್ಗಿತೆಂದು ಬಾಯಿಬಿಟ್ಟು ಹೇಳಲಾರದೆ ಸುಮ್ಮನೆ ಮಾತ್ರೆ ಬಿಟ್ಟವರೂ ಇದ್ದಾರೆ. ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಲು ಬರುತ್ತದೆ. ಇಪ್ಪತ್ತೈದರೊಳಗಿನವರ ಮೇಲೆ ಮೊದಲ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ಕೆಲವರಲ್ಲಿ ಸಾಯುವ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಈ ಔಷಧಿಗಳ ಮೇಲಿದೆ.

ನಂಬಿಕೆ: ಚಿಂತೆ ಯಾರಿಗಿಲ್ಲ? ಧೈರ್ಯ ತಂದುಕೊಂಡರಾಯಿತು.

ಮಗಳ ಪರೀಕ್ಷೆಯ ಚಿಂತೆ ಫಲಿತಾಂಶ ಬಂದ ದಿನ ಮುಗಿಯುತ್ತದೆ. ಈ ಕಾಯಿಲೆಯಲ್ಲಿ ಒಂದು ಚಿಂತೆ ಎದ್ದುಹೋದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಗ್ಯಾಸ್ ಆಫ್ ಮಾಡಿದೆನಾ? ಮಗ ಊರು ಮುಟ್ಟಿದನಾ? ಈ ತಲೆನೋವು ಗಡ್ಡೆಯಾಗಿದ್ದರೆ? ಆರು ತಿಂಗಳಿಗೂ ಮಿಕ್ಕಿ, ಬಹುಪಾಲು ದಿನ ಹೀಗೇ ನಡೆದು, ಜೊತೆಗೆ ನಿದ್ದೆಗೇಡು, ಸುಸ್ತು, ಸಿಡುಕು, ಕುತ್ತಿಗೆ ಬಿಗಿತ ಕಾಣಿಸಿಕೊಂಡರೆ ವೈದ್ಯರು ಇದನ್ನು ಸಾಮಾನ್ಯೀಕೃತ ಆತಂಕ ಎನ್ನುತ್ತಾರೆ. ನಮ್ಮಲ್ಲಿ ಇದು ಹೆಚ್ಚಾಗಿ 'ಗ್ಯಾಸ್ಟ್ರಿಕ್' ಹೆಸರಲ್ಲಿ ತಿರುಗುತ್ತಿರುತ್ತದೆ. ಚಿಕ್ಕಮ್ಮನ ಕಪಾಟಿನಲ್ಲಿ ನಾಲ್ಕು ಇಸಿಜಿ, ಒಂದು ಎಕೋ ರಿಪೋರ್ಟ್ ಇವೆ, ಎಲ್ಲವೂ ನಾರ್ಮಲ್. ಥೈರಾಯ್ಡ್ ಏರಿದರೂ ಎದೆ ಹೀಗೇ ಬಡಿಯುವುದರಿಂದ ಅದನ್ನೊಮ್ಮೆ ನೋಡಿಸುವುದು ಒಳ್ಳೆಯದು.

ನಂಬಿಕೆ: ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ.

ಇದು ಮಾತ್ರೆಯ ಪರ ಇರುವವರು ಹಬ್ಬಿಸಿದ ತಪ್ಪು. ಅಂಥ ಕೊರತೆ ತೋರಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ಪ್ಯಾರಾಸಿಟಮಾಲ್‌ಗೆ ಜ್ವರ ಇಳಿಯಿತೆಂದರೆ ಮೈಯಲ್ಲಿ ಪ್ಯಾರಾಸಿಟಮಾಲ್ ಕಡಿಮೆಯಾಗಿತ್ತು ಎಂದಲ್ಲವಲ್ಲ. ಪ್ರಯೋಗಗಳಲ್ಲಿ ಎಸ್‌ಎಸ್‌ಆರ್‌ಐ ಮಾತ್ರೆಗಳು ಹುಸಿಮಾತ್ರೆಗಿಂತ ಹೆಚ್ಚು ಗುಣ ತೋರಿಸಿವೆ, ಆದರೆ ಪವಾಡದಷ್ಟಲ್ಲ. ಹುಸಿಮಾತ್ರೆ ತೆಗೆದುಕೊಂಡವರಲ್ಲೂ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ನಂಬಿಕೆ: ಮಾತ್ರೆ ಬಿಟ್ಟರೆ ಬೇರೆ ದಾರಿಯಿಲ್ಲ.

ಇದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಹಲವರಿಗೆ ಮಾತ್ರೆಯಷ್ಟೇ ಗುಣ ಕೊಡುತ್ತದೆ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಎರಡರಲ್ಲಿ ಯಾವುದು ಎಂಬ ಆಯ್ಕೆಯನ್ನು ರೋಗಿಗೇ ಬಿಡುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಸಿಬಿಟಿ ಬಲ್ಲವರು ಸಿಗುವುದು ಕಷ್ಟ, ಹಾಗಾಗಿ ಆಯ್ಕೆ ಕಾಗದದ ಮೇಲೆ ಇದ್ದಷ್ಟು ಸುಲಭವಲ್ಲ. ಮೊದಲ ಹೆಜ್ಜೆಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಚಿಕ್ಕಮ್ಮ ಎರಡನೇ ಸಲ ಎಸ್ಸಿಟಲೋಪ್ರಾಂ ಶುರುಮಾಡಿದ್ದು ಕಡಿಮೆ ಪ್ರಮಾಣದಲ್ಲಿ, ಊಟದ ನಂತರ. ಆಲ್‌ಪ್ರಜೋಲಾಂ ಅನ್ನು ವೈದ್ಯರು ತಿಂಗಳುಗಟ್ಟಲೆ ಹಿಡಿದು ಚೂರುಚೂರೇ ಇಳಿಸಿದರು. ಜೊತೆಗೆ ಒಂದು ಮನೆಪಾಠ: ತಡವಾದರೆ ಕೂಡಲೇ ಫೋನ್ ಮಾಡಬಾರದು. ಮೊನ್ನೆ ಚಿಕ್ಕಪ್ಪ ಸಂತೆಯಿಂದ ಬರುವುದು ಅರ್ಧ ಗಂಟೆ ತಡವಾಯಿತು. ಚಿಕ್ಕಮ್ಮ ಫೋನನ್ನು ಫ್ರಿಜ್ ಮೇಲಿಟ್ಟು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಎರಡು ಸಲ ಗಡಿಯಾರ ನೋಡಿದರು. ಎದ್ದುಹೋಗಲಿಲ್ಲ.